ನೇರಪ್ರಸಾರ ಎಷ್ಟು ಸೆಕೆಂಡು ಹಿಂದಿರಬೇಕು?

2025ರ ಮಾರ್ಚ್ 28ರಂದು ಚೆನ್ನೈನ ಚೆಪಾಕ್ ಮೈದಾನದಲ್ಲಿ ಆರ್‌ಸಿಬಿ ತಂಡ ಚೆನ್ನೈ ಸೂಪರ್ ಕಿಂಗ್ಸನ್ನು 50 ರನ್‌ಗಳಿಂದ ಸೋಲಿಸಿತು. 2008ರ ಬಳಿಕ ಅಲ್ಲಿ ಅದಕ್ಕೆ ಸಿಕ್ಕ ಮೊದಲ ಗೆಲುವು ಅದು. ಅಂಥ ಒಂದು ಪಂದ್ಯವನ್ನು ನೀವು ಮೈದಾನದಿಂದ ಒಂದು ಕಿಲೋಮೀಟರ್ ದೂರದ ತಿರುವಲ್ಲಿಕೇಣಿಯ ಮನೆಯಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಿದ್ದೀರಿ ಎಂದುಕೊಳ್ಳಿ. ವಿಕೆಟ್ ಬಿದ್ದಾಗ ಎದ್ದ ಕೂಗು ಗಾಳಿಯಲ್ಲಿ ಸುಮಾರು ಮೂರು ಸೆಕೆಂಡಿನಲ್ಲಿ ನಿಮ್ಮ ಕಿಟಕಿ ಮುಟ್ಟುತ್ತದೆ. ಮೊಬೈಲಿನಲ್ಲಾದರೋ ಬೌಲರ್ ಇನ್ನೂ ಓಡಲು ಶುರುಮಾಡಿರುವುದಿಲ್ಲ. ಆ ವಿಕೆಟ್ ನಿಮಗೆ ಕಾಣುವುದು ಇಪ್ಪತ್ತು-ಮೂವತ್ತು ಸೆಕೆಂಡು ಕಳೆದ ಮೇಲೆ.

ಕ್ಯಾಮೆರಾದ ಮುಂದೆ ಘಟನೆ ನಡೆದ ಕ್ಷಣಕ್ಕೂ ಅದು ನೋಡುಗರ ತೆರೆಯ ಮೇಲೆ ಮೂಡುವ ಕ್ಷಣಕ್ಕೂ ನಡುವಿನ ಈ ಅಂತರಕ್ಕೆ ತಂತ್ರಜ್ಞರು ಲೇಟೆನ್ಸಿ ಎನ್ನುತ್ತಾರೆ. ನಾವು ವಿಳಂಬ ಎನ್ನೋಣ. ಇದನ್ನು ಕಡಿಮೆ ಮಾಡುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಅದಕ್ಕಿಂತ ಮೊದಲು ಇದು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕು.

ದೂರವೇ ಕಾರಣವೆಂದು ನಿಮಗೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಚೆನ್ನೈಯಿಂದ ಬೆಂಗಳೂರಿಗೆ 350 ಕಿ.ಮೀ. ತಂತಿ ಎಂದಿಟ್ಟುಕೊಂಡರೂ ಎರಡು ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐನೂರನೇ ಒಂದು ಭಾಗ ಸಾಕು. ಹಾಗಾದರೆ ಉಳಿದ ಸೆಕೆಂಡುಗಳನ್ನು ದಾರಿ ತಿನ್ನಲಿಲ್ಲ, ನಾವೇ ಬೇಕೆಂದು ಇಟ್ಟುಕೊಂಡಿದ್ದೇವೆ.

ಏಕೆ ಇಟ್ಟುಕೊಂಡೆವು? ಮೊದಲು ವಿಡಿಯೊ ಸಾಗುವ ಬಗೆಯನ್ನು ನೋಡೋಣ. ಕ್ಯಾಮೆರಾದಿಂದ ಬಂದ ಚಿತ್ರವನ್ನು ಎನ್‌ಕೋಡರ್ ಎಂಬ ಸಾಧನ ಅಥವಾ ತಂತ್ರಾಂಶ ಕುಗ್ಗಿಸುತ್ತದೆ. ಕುಗ್ಗಿದ ವಿಡಿಯೊವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಲಾಗುತ್ತದೆ. ಪ್ರತಿ ತುಣುಕೂ ಒಂದು ಸಾಮಾನ್ಯ ಫೈಲ್. ಯಾವ ತುಣುಕುಗಳು ಸಿದ್ಧವಾಗಿವೆ ಎಂಬ ಪಟ್ಟಿಯೊಂದು ಜೊತೆಗಿರುತ್ತದೆ. ನಿಮ್ಮ ಮೊಬೈಲಿನ ಪ್ಲೇಯರ್ ಆ ಪಟ್ಟಿಯನ್ನು ಮತ್ತೆ ಮತ್ತೆ ಓದಿ, ಹೊಸ ತುಣುಕುಗಳನ್ನು ಒಂದೊಂದಾಗಿ ತರಿಸಿಕೊಳ್ಳುತ್ತದೆ. ಆಪಲ್ ಕಂಪನಿ 2009ರಲ್ಲಿ ತಂದ ಎಚ್‌ಎಲ್‌ಎಸ್ ಎಂಬ ವಿಧಾನ ನಡೆಯುವುದು ಹೀಗೆ.

ಕತ್ತರಿಸುವುದರಿಂದ ದೊಡ್ಡ ಲಾಭವಿದೆ. ಸಾಮಾನ್ಯ ಫೈಲ್ ಆದ್ದರಿಂದ ಅದರ ಪ್ರತಿಗಳನ್ನು ಊರೂರಿನ ಸರ್ವರ್‌ಗಳಲ್ಲಿಟ್ಟು ಹಂಚಬಹುದು. 2023ರ ಏಪ್ರಿಲ್ 12ರಂದು ಚೆಪಾಕ್‌ನಲ್ಲಿ ರಾಜಸ್ಥಾನ ರಾಯಲ್ಸ್ ವಿರುದ್ಧ ಧೋನಿ ಕೊನೆಯ ಓವರ್ ಆಡುತ್ತಿದ್ದಾಗ ಜಿಯೋಸಿನಿಮಾದಲ್ಲಿ ಏಕಕಾಲಕ್ಕೆ 2.2 ಕೋಟಿ ವೀಕ್ಷಣೆ ದಾಖಲಾಯಿತು. ಅಷ್ಟು ದೊಡ್ಡ ಜನಸ್ತೋಮವನ್ನು ಒಟ್ಟಿಗೆ ತಲುಪುವುದು ಸಾಧ್ಯವಾದದ್ದು ಇಂಥ ತುಣುಕುಗಳಿಂದಲೇ.

ಇನ್ನು ಬಫರ್‌ಗೆ ಬರೋಣ. ಪ್ಲೇಯರ್ ತುಣುಕು ಬಂದ ಕೂಡಲೇ ತೋರಿಸದೆ, ಮುಂದಿನ ಕೆಲವನ್ನು ಕೂಡಿಟ್ಟುಕೊಳ್ಳುತ್ತದೆ. ಆ ಸಂಗ್ರಹವೇ ಬಫರ್. ಚೆನ್ನೈನ ಬೇಸಿಗೆಯಲ್ಲಿ ನೀರಿನ ಲಾರಿಗೆ ಕಾಯುವ ಮನೆಯವರನ್ನು ಕೇಳಿ. ಲಾರಿ ತಡವಾದರೂ ಡ್ರಮ್ಮಿನಲ್ಲಿ ನೀರಿದ್ದರೆ ನಲ್ಲಿ ನಿಲ್ಲುವುದಿಲ್ಲ. ಆದರೆ ಡ್ರಮ್ ದೊಡ್ಡದಾದಷ್ಟೂ ನೀವು ಬಳಸುವ ನೀರು ಹಳೆಯದು. ಬಫರ್ ಕೂಡ ಹೀಗೆಯೇ: ನೆಟ್‌ವರ್ಕ್ ಕುಂಟಿದರೂ ಚಿತ್ರ ನಿಲ್ಲದಂತೆ ಅದು ಕಾಯುತ್ತದೆ, ಅದಕ್ಕೆ ಬೆಲೆಯಾಗಿ ನಿಮ್ಮನ್ನು ಕೆಲವು ಸೆಕೆಂಡು ಹಿಂದಿಡುತ್ತದೆ.

ಈಗ ಹೊಂದಿಸುವ ಕೆಲಸ. ನಿಮ್ಮ ಕೈಯಲ್ಲಿ ಮುಖ್ಯವಾಗಿ ಮೂರು ಹಿಡಿಗಳಿವೆ.

ಮೊದಲನೆಯದು ತುಣುಕಿನ ಉದ್ದ. ಆಪಲ್ ಆರಂಭದಲ್ಲಿ 10 ಸೆಕೆಂಡು ಸೂಚಿಸಿತ್ತು, ಬಳಿಕ 6ಕ್ಕೆ ಇಳಿಸಿತು. ಪಟ್ಟಿಯ ತುದಿಯಿಂದ ಕನಿಷ್ಠ ಮೂರು ತುಣುಕಿನಷ್ಟು ಹಿಂದೆ ನಿಂತು ಆಟ ಶುರುಮಾಡಬೇಕೆಂಬುದು ಎಚ್‌ಎಲ್‌ಎಸ್ ಪ್ಲೇಯರ್‌ಗಳಿಗಿರುವ ಸೂಚನೆ. ಆರು ಸೆಕೆಂಡಿನ ತುಣುಕಾದರೆ ಮೂರಾರಲಿ ಹದಿನೆಂಟು. ಕುಗ್ಗಿಸುವ, ಸಾಗಿಸುವ ಸಮಯ ಸೇರಿದರೆ ಇಪ್ಪತ್ತು ದಾಟುತ್ತದೆ. ತುಣುಕನ್ನು ಎರಡು ಸೆಕೆಂಡಿಗೆ ಇಳಿಸಿದರೆ ಹದಿನೆಂಟು ಹೋಗಿ ಆರಾಗುತ್ತದೆ. ಆದರೆ ಒಂದು ನಿಯಮ ನೆನಪಿರಲಿ. ಕುಗ್ಗಿಸಿದ ವಿಡಿಯೊದಲ್ಲಿ ಹೆಚ್ಚಿನ ಚಿತ್ರಗಳು ಪೂರ್ಣವಾಗಿರುವುದಿಲ್ಲ, ಬೇರೆ ಚಿತ್ರಕ್ಕೆ ಹೋಲಿಸಿ ಬದಲಾದಷ್ಟನ್ನೇ ಹೇಳುತ್ತವೆ. ನಡುನಡುವೆ ಬರುವ ಪೂರ್ಣ ಚಿತ್ರವೇ ಕೀಫ್ರೇಮ್. ಪ್ರತಿ ತುಣುಕೂ ಕೀಫ್ರೇಮಿನಿಂದಲೇ ಆರಂಭವಾಗಬೇಕು. ಆದ್ದರಿಂದ ಎರಡು ಸೆಕೆಂಡಿನ ತುಣುಕು ಬೇಕಾದರೆ ಎನ್‌ಕೋಡರ್‌ನಲ್ಲಿ ಕೀಫ್ರೇಮ್ ಅಂತರವನ್ನೂ ಎರಡು ಸೆಕೆಂಡಿಗೆ ಇಡಿ. ಪೂರ್ಣ ಚಿತ್ರಗಳು ಹೆಚ್ಚಿದಂತೆ ಅದೇ ಗುಣಮಟ್ಟಕ್ಕೆ ಹೆಚ್ಚು ಡೇಟಾ ಬೇಕಾಗುತ್ತದೆ ಎಂಬುದೂ ಗಮನದಲ್ಲಿರಲಿ.

ಎರಡನೆಯದು ಪ್ಲೇಯರ್ ಎಷ್ಟು ಹಿಂದೆ ನಿಲ್ಲಬೇಕೆಂಬ ಗುರಿ. ಜಾಲತಾಣಗಳಲ್ಲಿ ಬಳಕೆಯಲ್ಲಿರುವ ಎಚ್‌ಎಲ್‌ಎಸ್ ಡಾಟ್ ಜೆಎಸ್ ಎಂಬ ಪ್ಲೇಯರ್‌ನಲ್ಲಿ ಇದನ್ನು ತುಣುಕುಗಳ ಲೆಕ್ಕದಲ್ಲಿ ಕೊಡಬಹುದು. ನೀವು ಏನೂ ಹೇಳದಿದ್ದರೆ ಅದು ಮೂರು ಎಂದು ಹಿಡಿಯುತ್ತದೆ. ಆಂಡ್ರಾಯ್ಡ್‌ನ ಎಕ್ಸೊಪ್ಲೇಯರ್‌ನಲ್ಲಿ ಗುರಿಯ ಜೊತೆಗೆ ಕನಿಷ್ಠ, ಗರಿಷ್ಠ ಮಿತಿಗಳನ್ನೂ ಮಿಲಿಸೆಕೆಂಡುಗಳಲ್ಲಿ ಸೂಚಿಸಬಹುದು.

ಮೂರನೆಯದು ಹಿಂದೆ ಬಿದ್ದಾಗ ಸರಿದೂಗಿಸುವ ವೇಗ. ನೆಟ್‌ವರ್ಕ್ ಕೈಕೊಟ್ಟು ಚಿತ್ರ ಮೂರು ಸೆಕೆಂಡು ನಿಂತರೆ ಪ್ಲೇಯರ್ ಅಷ್ಟು ಹಿಂದೆ ಬೀಳುತ್ತದೆ. ಅದನ್ನು ಹಾಗೇ ಬಿಟ್ಟರೆ ವಿಳಂಬ ಬೆಳೆಯುತ್ತಲೇ ಹೋಗುತ್ತದೆ. ಎಕ್ಸೊಪ್ಲೇಯರ್ ಬೇರೆ ಸೂಚನೆ ಇಲ್ಲದಿದ್ದರೆ 1.03 ಪಟ್ಟು ವೇಗದವರೆಗೆ ಓಡಿ ಸರಿದೂಗಿಸುತ್ತದೆ. ಆ ವೇಗದಲ್ಲಿ ಮೂರು ಸೆಕೆಂಡು ಗಳಿಸಲು ನೂರು ಸೆಕೆಂಡು ಬೇಕು. ಕ್ರಿಕೆಟ್ ನೋಡುವವರಿಗೆ ಇದು ಗೊತ್ತೂ ಆಗುವುದಿಲ್ಲ. ಆದರೆ ಮಾರ್ಗಳಿ ಋತುವಿನ ಸಂಗೀತ ಕಚೇರಿಯೊಂದನ್ನು ಸಭೆಯಿಂದ ಪ್ರಸಾರ ಮಾಡುತ್ತಿದ್ದರೆ ಇದನ್ನು ಬಳಸಬೇಡಿ. ಪ್ಲೇಯರ್ ಶ್ರುತಿಯನ್ನು ಕಾಪಾಡಬಹುದು, ಕಾಲಪ್ರಮಾಣವನ್ನಲ್ಲ. ತೊಡೆಯ ಮೇಲೆ ತಾಳ ಹಾಕುತ್ತಾ ಕೇಳುವ ರಸಿಕರ ಕೈಗೆ ಅದು ತಿಳಿದೀತು. ಅಲ್ಲಿ ವೇಗವನ್ನು 1ಕ್ಕೇ ಕಟ್ಟಿಹಾಕಿ.

ಹಾಗಾಗಿ ಅಂಕಿ ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನೋಡುಗರು ಯಾರು, ಅವರು ಉತ್ತರಿಸಬೇಕೇ? ಕಚೇರಿಗೆ ಇಪ್ಪತ್ತು-ಮೂವತ್ತು ಸೆಕೆಂಡು ಇದ್ದರೆ ನಷ್ಟವಿಲ್ಲ. ರಾಗಾಲಾಪನೆ ನಡುವೆ ನಿಲ್ಲದಿರುವುದೇ ಮುಖ್ಯ. ಪ್ರಶ್ನೋತ್ತರವಿರುವ ಉಪನ್ಯಾಸಕ್ಕೆ ಐದು-ಹತ್ತು ಸೆಕೆಂಡು ಚೆಂದ. ಯೂಟ್ಯೂಬ್‌ನಲ್ಲಿ ಇದಕ್ಕಾಗಿ ಸಾಮಾನ್ಯ, ಕಡಿಮೆ, ಅತಿ ಕಡಿಮೆ ಎಂಬ ಮೂರು ಆಯ್ಕೆಗಳಿವೆ. ಕಡಿಮೆಯಲ್ಲಿ ಬಹುಪಾಲು ನೋಡುಗರಿಗೆ ಹತ್ತು ಸೆಕೆಂಡಿನೊಳಗೆ, ಅತಿ ಕಡಿಮೆಯಲ್ಲಿ ಐದರೊಳಗೆ ಚಿತ್ರ ತಲುಪುತ್ತದೆ; ಚಿತ್ರ ತಡೆದು ನಿಲ್ಲುವ ಸಂಭವವೂ ಅದೇ ಕ್ರಮದಲ್ಲಿ ಹೆಚ್ಚುತ್ತದೆ.

ಚೆನ್ನೈನ ಗುರುಗಳು ಅಮೆರಿಕದ ಶಿಷ್ಯರಿಗೆ ಪಾಠ ಹೇಳುವುದು ಬೇರೆಯೇ ವರ್ಗ. ಅಲ್ಲಿ ತುಣುಕುಗಳ ವಿಧಾನ ಸಾಲದು. ವೆಬ್‌ಆರ್‌ಟಿಸಿಯಂಥ ಸಂಭಾಷಣೆಯ ತಂತ್ರ ಬೇಕು, ಅದು ಸೆಕೆಂಡಿನೊಳಗೆ ಮುಟ್ಟಿಸುತ್ತದೆ. ಗುರು ಹಾಡಿದ ಮೇಲೆ ಶಿಷ್ಯ ಹಾಡಲು ಅಷ್ಟು ಸಾಕು. ಇಬ್ಬರೂ ಒಟ್ಟಿಗೆ ಹಾಡಲು ಹೊರಟರೆ ಮಾತ್ರ ದೂರ ನಿಜವಾಗಿಯೂ ಅಡ್ಡ ಬರುತ್ತದೆ. ನ್ಯೂಯಾರ್ಕಿಗೆ 13,000 ಕಿ.ಮೀ.ಗೂ ಹೆಚ್ಚು, ಬೆಳಕು ಹೋಗಿ ಬರಲು ಸೆಕೆಂಡಿನ ಎಂಟನೇ ಒಂದು ಭಾಗ ಹಿಡಿಯುತ್ತದೆ. ಯಾವ ಹೊಂದಾಣಿಕೆಯೂ ಅದನ್ನು ಅಳಿಸಲಾರದು.

ಇಷ್ಟು ತಿಳಿದ ಮೇಲೆ ನೀವೇ ಅಳೆದು ನೋಡಿ. ಸೆಕೆಂಡು ತೋರಿಸುವ ಗಡಿಯಾರವನ್ನು ಕ್ಯಾಮೆರಾದ ಮುಂದಿಡಿ. ಇನ್ನೊಂದು ಮೊಬೈಲಿನಲ್ಲಿ ಪ್ರಸಾರ ತೆರೆದು, ಎರಡೂ ಕಾಣುವಂತೆ ಒಂದು ಫೋಟೊ ತೆಗೆಯಿರಿ. ಗಡಿಯಾರದ ಸಮಯದಿಂದ ತೆರೆಯಲ್ಲಿ ಕಾಣುವ ಸಮಯವನ್ನು ಕಳೆದರೆ ವಿಳಂಬ ಸಿಗುತ್ತದೆ. ಬಳಿಕ ಒಂದು ಬಾರಿಗೆ ಒಂದೇ ಹಿಡಿಯನ್ನು ತಿರುಗಿಸಿ, ಮತ್ತೆ ಅಳೆಯಿರಿ. ಮನೆಯ ವೈಫೈನಲ್ಲಷ್ಟೇ ಪರೀಕ್ಷಿಸಿ ತೃಪ್ತರಾಗಬೇಡಿ. ನಿಮ್ಮ ನೋಡುಗರಲ್ಲಿ ಅತಿ ದುರ್ಬಲ ಸಿಗ್ನಲ್ ಯಾರಿಗಿದೆಯೋ ಅವರ ಮೊಬೈಲಿನಲ್ಲಿ ಚಿತ್ರ ಎಲ್ಲೂ ನಿಲ್ಲದೆ ಸಾಗುವ ಅತಿ ಕಡಿಮೆ ಅಂಕಿಯನ್ನೇ ನಿಮ್ಮ ಗುರಿಯಾಗಿ ಇಟ್ಟುಕೊಳ್ಳಿ.