ನೀರು ಕೇಳಿದ ಸ್ವಾಮಿ

ಕುಟುಂಬದಲ್ಲಿ ಓದಿ ಧ್ಯಾನಿಸಲು: ಸಂತ ಯೊವಾನ್ನರ ಶುಭಸಂದೇಶ 4:1-42, ಆದಿಕಾಂಡ 26:15-33



ಕಳೆದ ಜೂನ್ 5ರ ಪರಿಸರ ದಿನದಂದು ನಿಮ್ಮ ದೇವಾಲಯದ ಆವರಣದಲ್ಲೋ ಶಾಲೆಯ ಅಂಗಳದಲ್ಲೋ ಒಂದು ಸಸಿ ನೆಟ್ಟಿರಬಹುದು. ಗುರುಗಳು ಆಶೀರ್ವದಿಸಿದರು, ಮಕ್ಕಳು ಹಾಡಿದರು, ಊರಿನ ಹಿರಿಯರೂ ಬಂದು ಒಂದು ಹಿಡಿ ಮಣ್ಣು ಹಾಕಿದರು. ಫೋಟೋ ತೆಗೆದದ್ದೂ ಆಯಿತು. ಆ ಸಸಿ ಈಗ ಹೇಗಿದೆ? ಒಮ್ಮೆ ಹೋಗಿ ನೋಡಿ ಬನ್ನಿ. ಚಿಗುರಿದ್ದರೆ ದೇವರಿಗೆ ಸ್ತೋತ್ರ. ಒಣಗಿದ್ದರೆ ಅದಕ್ಕೆ ನೀರು ಹಾಕಬೇಕಾದವರು ಯಾರಾಗಿದ್ದರು ಎಂದು ಯೋಚಿಸಿ.

ನಮ್ಮ ಪಂಚಾಂಗದಲ್ಲಿ ಇಂತಹ ದಿನಗಳಿಗೆ ಕೊರತೆಯಿಲ್ಲ. ಜನವರಿ 1 ವಿಶ್ವಶಾಂತಿ ದಿನ. ಜಗದ್ಗುರು 6ನೇ ಪೌಲರು ಇದನ್ನು 1968ರಲ್ಲಿ ಆರಂಭಿಸಿದರು. ಫೆಬ್ರವರಿ 4 ಮಾನವ ಭ್ರಾತೃತ್ವದ ದಿನ. 2019ರ ಅದೇ ದಿನ ಅಬುಧಾಬಿಯಲ್ಲಿ ಜಗದ್ಗುರು ಫ್ರಾನ್ಸಿಸ್ ಮತ್ತು ಅಲ್ ಅಝರ್‌ನ ಇಮಾಮರಾದ ಅಹ್ಮದ್ ಅಲ್ ತಯ್ಯೆಬ್ ಒಂದೇ ಪತ್ರಕ್ಕೆ ಸಹಿ ಹಾಕಿದರು. ಸೆಪ್ಟೆಂಬರ್ 1 ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಇದನ್ನು ಗೊತ್ತುಮಾಡಿದರು. ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ದಿನಗಳು ಬರುತ್ತವೆ, ಹೋಗುತ್ತವೆ. ಕಾರ್ಯಕ್ರಮ ಮುಗಿದ ಮರುದಿನ ನಮ್ಮ ಓಣಿಯಲ್ಲಿ ಏನು ಉಳಿಯಿತು? ಈ ವಾರದ ಪಾಠ ಆ ಮರುದಿನದ ಬಗ್ಗೆ.

ನಾವು ನಿಂತಿರುವ ನೆಲ

ಬಸವಕಲ್ಯಾಣ, ಹುಮನಾಬಾದ್ ಕಡೆಯ ನಮ್ಮ ಕುಟುಂಬಗಳಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಬೀದರ್ ಜಿಲ್ಲೆಯಲ್ಲಿ ಸುಮಾರು ಐದು ಜನರಲ್ಲಿ ಒಬ್ಬರು ಮುಸಲ್ಮಾನರು. ಲಿಂಗಾಯತರು, ಮರಾಠಾ ಮನೆತನದವರು, ದಲಿತರು, ಬೌದ್ಧರು, ಸಿಖ್ಖರು ಎಲ್ಲರೂ ಇದ್ದಾರೆ. ನಮಗಿಂತ ಬಹಳ ಹಿಂದೆಯೇ ಬಂದ ಮೆಥೋಡಿಸ್ಟ್ ಸಹೋದರರಿದ್ದಾರೆ. ಕಥೋಲಿಕರಾದ ನಾವು ಇಲ್ಲಿ ಒಂದು ಹಿಡಿಯಷ್ಟು ಮಂದಿ. ಹೀಗಿರುವಾಗ ನೆರೆಯವರೊಂದಿಗೆ ಹೇಗೆ ಬಾಳಬೇಕು ಎಂಬುದು ನಮಗೆ ದಿನನಿತ್ಯದ ವಿಷಯ.

ಈ ನೆಲಕ್ಕೆ ಇದರಲ್ಲಿ ದೊಡ್ಡ ಅನುಭವವಿದೆ. 11ನೇ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿಯೇ 12ನೇ ಶತಮಾನದಲ್ಲಿ ಬಸವಣ್ಣನವರೂ ಅಲ್ಲಮಪ್ರಭುಗಳೂ ಅನುಭವ ಮಂಟಪದಲ್ಲಿ ಕುಳಿತರು. ಅವರ ಸಂಗಡ ಅಂಬಿಗರು, ಮಡಿವಾಳರು, ಚಮ್ಮಾರರು, ಹೆಣ್ಣುಮಕ್ಕಳು ಕುಳಿತು ದೇವರ ಬಗ್ಗೆ, ಬದುಕಿನ ಬಗ್ಗೆ ಮಾತನಾಡಿದರು. ಅದೇ ಕಲ್ಯಾಣದಲ್ಲಿ ಚಮ್ಮಾರರಾದ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಮದುವೆಯಾಯಿತು. ಊರು ಅದನ್ನು ಸಹಿಸಲಿಲ್ಲ. ಶರಣರ ಪರಂಪರೆ ಹೇಳುವಂತೆ ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತು, ರಕ್ತಪಾತವಾಯಿತು, ಶರಣರು ದಿಕ್ಕಾಪಾಲಾದರು. ಮಂಟಪದಲ್ಲಿ ಒಟ್ಟಿಗೆ ಕೂರುವುದನ್ನು ತಾಳಿಕೊಂಡ ಊರು, ಅದೇ ಮಾತು ಮನೆಯೊಳಗೆ ಬಂದಾಗ ಕತ್ತಿ ಹಿಡಿಯಿತು. ಸಭೆ ಸೇರುವುದು ಸುಲಭ, ನೆರೆಯವರಾಗುವುದು ಕಷ್ಟ ಎಂಬುದನ್ನು ಕಲ್ಯಾಣ ಬಲ್ಲದು.

ಅದೇ ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಮಾಣಿಕಪ್ರಭುಗಳು ಹುಟ್ಟಿದರು. ಹುಮನಾಬಾದಿನ ಪಕ್ಕದಲ್ಲಿ ಅವರು ನೆಲೆನಿಂತ ಸ್ಥಳವೇ ಇಂದಿನ ಮಾಣಿಕನಗರ. ತಮ್ಮ ಪಂಥಕ್ಕೆ ಅವರು ಕೊಟ್ಟ ಹೆಸರು ಸಕಲಮತ ಸಂಪ್ರದಾಯ. ಯಾವ ಮತವನ್ನೂ ಹಳಿಯಬಾರದೆಂಬುದು ಅದರ ತಿರುಳು. ಅವರ ದರ್ಬಾರಿಗೆ ಹಿಂದೂಗಳೂ ಮುಸಲ್ಮಾನ ಫಕೀರರೂ ಬರುತ್ತಿದ್ದರು. 1865ರಲ್ಲಿ ಅವರು ಸಮಾಧಿಯಾದರು. ದತ್ತ ಜಯಂತಿಯ ಉತ್ಸವಕ್ಕೆ ಇಂದಿಗೂ ಸುತ್ತಮುತ್ತಲ ಜನ ಅಲ್ಲಿ ಸೇರುತ್ತಾರೆ.

ಬೀದರಿನ ಹತ್ತಿರ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಯಿದೆ. ಹೋಳಿ ಕಳೆದ ಮೇಲೆ ಅಲ್ಲಿ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಲಿಂಗಾಯತ ಜಂಗಮರು ಬರುತ್ತಾರೆ. ಹಿಂದೂ ಭಕ್ತರು ಆ ಸುಲ್ತಾನನನ್ನು ಅಲ್ಲಮಪ್ರಭು ಎಂದೇ ಕರೆಯುತ್ತಾರೆ. ಸರಕಾರದ ಆದೇಶವಿಲ್ಲದೆ, ಭಾಷಣವಿಲ್ಲದೆ ತಲೆತಲಾಂತರದಿಂದ ನಡೆದುಬಂದ ಸೌಹಾರ್ದ ಇದು.

ಆದರೆ ಇದೇ ಜಿಲ್ಲೆ 1948ನ್ನೂ ಕಂಡಿದೆ. ಆ ವರ್ಷ ಬಸವಕಲ್ಯಾಣದ ಸೀಮೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರ ಕೈಯಲ್ಲಿ ಅನೇಕರು ಸತ್ತರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸೇಡು ತಿರುಗಿ ಬಂತು. ಆಗ ಕೊಲೆಯಾದವರು ಬಡ ಮುಸಲ್ಮಾನರು. ವಿಚಾರಣೆಗೆ ಬಂದ ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಕಲಬುರಗಿಯನ್ನೂ ಸೇರಿಸಿತು. ಉರುಸಿಗೂ ಜಾತ್ರೆಗೂ ಕೂಡಿ ಹೋಗುತ್ತಿದ್ದ ಜನರ ನಡುವೆಯೇ ಇದು ನಡೆಯಿತು. ಶಾಂತಿ ಎಂಬುದು ಒಮ್ಮೆ ನೆಟ್ಟು ಮರೆಯುವ ಸಸಿಯಲ್ಲ. ಪ್ರತಿ ತಲೆಮಾರೂ ಅದಕ್ಕೆ ನೀರು ಹೊರಬೇಕು.

ಬಾವಿಯ ಬಳಿ

ಈಗ ಶುಭಸಂದೇಶವನ್ನು ತೆರೆಯಿರಿ. ಯೆಹೂದ್ಯರಿಗೂ ಸಮಾರಿಯದವರಿಗೂ ಹಳೆಯ ವೈರ. ಎರಡು ಕಡೆಯವರಿಗೂ ಬೇರೆ ಬೇರೆ ಆರಾಧನಾ ಸ್ಥಳ, ಬೇರೆ ಬೇರೆ ನೆನಪು, ಬೇರೆ ಬೇರೆ ಗಾಯ. ಒಬ್ಬರ ಪಾತ್ರೆಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಬಾವಿಗಳಲ್ಲಿ ಯಾರು ಸೇದಬೇಕು, ಯಾರು ದೂರ ನಿಲ್ಲಬೇಕು ಎಂಬ ಕಟ್ಟಳೆಯನ್ನು ಕಂಡಿರುವ ನಮ್ಮ ಅಜ್ಜ ಅಜ್ಜಿಯರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮಟಮಟ ಮಧ್ಯಾಹ್ನ ಯೇಸುಸ್ವಾಮಿ ಯಕೋಬನ ಬಾವಿಯ ಬಳಿ ದಣಿದು ಕುಳಿತಿದ್ದಾರೆ. ಅಲ್ಲಿ ಅವರು ಮೂರು ಕೆಲಸ ಮಾಡಿದರು.

ಮೊದಲನೆಯದು, ಅವರು ಕೇಳಿದರು. ಲೋಕಕ್ಕೆ ಜೀವಜಲ ಕೊಡಬಲ್ಲವರು ಆ ಹೆಣ್ಣುಮಗಳ ಮುಂದೆ ಕುಡಿಯಲು ನೀರು ಬೇಡಿದರು. ನಾವಾದರೋ ನೆರೆಯವರ ಬಳಿಗೆ ಸಾಮಾನ್ಯವಾಗಿ ಕೊಡುವವರಾಗಿ ಹೋಗುತ್ತೇವೆ. ಔಷಧಿ, ಪಾಠ, ಸಹಾಯ ಹಿಡಿದುಕೊಂಡು ಹೋಗುತ್ತೇವೆ. ಅದು ಒಳ್ಳೆಯದೇ. ಆದರೆ ಯಾವಾಗಲೂ ಕೊಡುವ ಕೈಯನ್ನು ಕಂಡಾಗ, ಇವರಿಗೆ ನಮ್ಮಿಂದ ಏನು ಬೇಕಾಗಿದೆ ಎಂಬ ಸಂಶಯ ಜನರಲ್ಲಿ ಹುಟ್ಟುತ್ತದೆ. ಈಚಿನ ವರ್ಷಗಳಲ್ಲಿ ಈ ಸಂಶಯದ ಬಿಸಿ ನಮಗೂ ತಟ್ಟಿದೆ, ಅಲ್ಲವೆ? ನೆರೆಯವರಿಂದ ಕೇಳಿ ಪಡೆಯುವುದನ್ನು ನಾವು ಕಲಿಯಬೇಕು.

ಎರಡನೆಯದು, ಅವರು ನೇರವಾಗಿ ಮಾತನಾಡಿದರು. ಆಕೆ ಯಾವ ಬೆಟ್ಟದಲ್ಲಿ ಆರಾಧನೆ ನಡೆಯಬೇಕೆಂದು ಕೇಳಿದಳು. ಸ್ವಾಮಿ ತಮ್ಮ ವಿಶ್ವಾಸವನ್ನು ಮರೆಮಾಚಲಿಲ್ಲ. ಆಕೆಯ ವಿಶ್ವಾಸವನ್ನು ಹಾಸ್ಯಮಾಡಲೂ ಇಲ್ಲ.

ಮೂರನೆಯದು, ಅವರು ಉಳಿದರು. ಊರಿನವರು ಬೇಡಿಕೊಂಡಾಗ ಎರಡು ದಿನ ಅವರಲ್ಲೇ ತಂಗಿದರು. ಅವರ ಮನೆಯಲ್ಲಿ ಉಂಡರು, ಮಲಗಿದರು ಎಂದು ನಾವು ತಿಳಿದುಕೊಳ್ಳಬಹುದು. ಆ ಎರಡು ದಿನಗಳನ್ನು ನಾವು ಓದುವಾಗ ದಾಟಿಬಿಡುತ್ತೇವೆ. ಕಾರ್ಯಕ್ರಮದ ಮರುದಿನ ಎಂದು ನಾನು ಮೇಲೆ ಹೇಳಿದ್ದು ಇದನ್ನೇ.

ಜಗಳದ ಬಾವಿ, ಶಾಂತಿಯ ಬಾವಿ

ಆದಿಕಾಂಡದ ಇಸಾಕನ ಕಥೆಯನ್ನೂ ಓದಿರಿ. ಅವನ ತಂದೆಯ ಕಾಲದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣುಹಾಕಿ ಮುಚ್ಚಿದ್ದರು. ಅವನು ಅವನ್ನು ಮತ್ತೆ ತೋಡಿಸಿದ. ಹೊಸ ಬಾವಿ ತೋಡಿದಾಗ ನೆರೆಯ ಕುರುಬರು ಜಗಳಕ್ಕೆ ಬಂದರು. ಇನ್ನೊಂದನ್ನು ತೋಡಿದ, ಅಲ್ಲಿಯೂ ಜಗಳ. ಮೂರನೆಯದಕ್ಕೆ ತಕರಾರಿರಲಿಲ್ಲ. ಅದಕ್ಕೆ ರೆಹೋಬೋತ್, ಅಂದರೆ ವಿಶಾಲವಾದ ಸ್ಥಳ, ಎಂದು ಹೆಸರಿಟ್ಟ. ಕೊನೆಗೆ ಅವನನ್ನು ಓಡಿಸಿದ್ದ ಅರಸನೇ ಬಂದು ಒಪ್ಪಂದ ಮಾಡಿಕೊಂಡ. ಇಬ್ಬರೂ ಕೂಡಿ ಉಂಡರು. ಅದೇ ದಿನ ಆಳುಗಳು ಬಂದು ನೀರು ಸಿಕ್ಕಿತೆಂದು ತಿಳಿಸಿದರು. ನೀರೂ ಸಮಾಧಾನವೂ ಒಂದೇ ದಿನ ಬಂದವು.

ಬೀದರ್ ಜಿಲ್ಲೆಯವರಿಗೆ ಇದು ದೂರದ ಕಥೆಯಲ್ಲ. ತೊಗರಿ, ಜೋಳ, ಸೋಯಾ ಬೆಳೆಯುವ ಈ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಕೊಡಗಳ ಸಾಲು ಉದ್ದವಾಗುತ್ತದೆ, ಮಾತು ಬಿರುಸಾಗುತ್ತದೆ. ಬಹಮನಿಯವರ ಕಾಲದಲ್ಲಿ ಪರ್ಷಿಯಾದ ವಿದ್ಯೆಯಿಂದ ಬೀದರಿನ ನೌಬಾದಿನಲ್ಲಿ ನೆಲದಡಿಯ ಸುರಂಗ ಕೊರೆದು ನೀರು ಹರಿಸಿದ್ದರು. ಆ ಕರೇಜ್ ಹೂಳು ತುಂಬಿ ಮರೆತುಹೋಗಿತ್ತು. 2010ರ ದಶಕದಲ್ಲಿ ಅದನ್ನು ಮತ್ತೆ ಬಿಡಿಸಿದರು. 2016ರ ಸುಮಾರಿಗೆ ಬರ ಬಿದ್ದಾಗ ಅಂದಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿಯವರು ಹಳೆಯ ಕೆರೆಗಳನ್ನೂ ತೆರೆದ ಬಾವಿಗಳನ್ನೂ ಹೂಳೆತ್ತಿಸುವ ಕೆಲಸಕ್ಕೆ ಕೈಹಾಕಿದರು. ಜನರೂ ಕೈಜೋಡಿಸಿದರು. ಹೂಳೆತ್ತುವ ಬುಟ್ಟಿ ಕೈಯಿಂದ ಕೈಗೆ ದಾಟುವಾಗ ಯಾರೂ ಜಾತಿ ಕೇಳುವುದಿಲ್ಲ.

ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ 'ಲೌದಾತೊ ಸಿ'ಯಲ್ಲಿ ತಿಳಿಸಿದ್ದೂ ಇದನ್ನೇ. ಭೂಮಿಯ ಕೂಗು ಬೇರೆ, ಬಡವರ ಕೂಗು ಬೇರೆ ಎಂದು ವಿಂಗಡಿಸಲಾಗದು. ಕುಡಿಯುವ ನೀರು ಎಲ್ಲ ಮನುಷ್ಯರ ಹಕ್ಕು. ಪರಿಸರ, ಶಾಂತಿ, ಸರ್ವಧರ್ಮ ಸೌಹಾರ್ದ ಎಂದು ನಾವು ಮೂರು ಕಾರ್ಯಕ್ರಮ ಮಾಡುತ್ತೇವೆ. ಬಾವಿಯ ಕಟ್ಟೆಯ ಮೇಲೆ ಅವು ಮೂರೂ ಒಂದೇ ಆಗಿಬಿಡುತ್ತವೆ.

ಒಂದು ಸಂಶಯ

ಬೇರೆಯವರ ಮಠಕ್ಕೆ, ದರ್ಗಾಕ್ಕೆ, ಉತ್ಸವಕ್ಕೆ ಹೋದರೆ ನಮ್ಮ ವಿಶ್ವಾಸಕ್ಕೆ ಕುಂದಲ್ಲವೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪ್ರಾಮಾಣಿಕವಾದ ಪ್ರಶ್ನೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ 'ನೋಸ್ತ್ರಾ ಎತಾತೆ' ಎಂಬ ಘೋಷಣೆಯಲ್ಲಿ, ಇತರ ಧರ್ಮಗಳಲ್ಲಿರುವ ಸತ್ಯವನ್ನಾಗಲಿ ಪಾವನತೆಯನ್ನಾಗಲಿ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಹೇಳಿತು. ಅದೇ ಘೋಷಣೆ ಕ್ರಿಸ್ತರನ್ನು ಸಾರುವ ಕರ್ತವ್ಯವನ್ನೂ ನೆನಪಿಸಿತು. 1986ರ ಅಕ್ಟೋಬರ್ 27ರಂದು ಸಂತ 2ನೇ ಜಾನ್ ಪೌಲರು ಅನೇಕ ಧರ್ಮಗಳ ಮುಖಂಡರನ್ನು ಅಸ್ಸಿಸಿಗೆ ಕರೆದಾಗ, ಪ್ರತಿಯೊಬ್ಬರೂ ತಮ್ಮ ತಮ್ಮ ರೀತಿಯಲ್ಲೇ ಪ್ರಾರ್ಥಿಸಿದರು. ಪ್ರಾರ್ಥನೆಗಳನ್ನು ಬೆರೆಸಲಿಲ್ಲ. ಒಬ್ಬರು ಪ್ರಾರ್ಥಿಸುವಾಗ ಉಳಿದವರು ಗೌರವದಿಂದ ನಿಂತರು. ನಮಗೂ ಇದೇ ದಾರಿ. ನೆರೆಯವರ ಅಂಗಳದಲ್ಲಿ ಅತಿಥಿಗಳಾಗಿ ಕೂರೋಣ, ಅವರ ಮಾತು ಕೇಳೋಣ, ಕೇಳಿದಾಗ ನಮ್ಮ ವಿಶ್ವಾಸವನ್ನು ಅಂಜದೆ ಹೇಳೋಣ. ಒಳಗೊಂದು ಹೊರಗೊಂದು ಬೇಡ.

ನಾವೇನು ಮಾಡಬಹುದು?

ಮೊದಲು, ಹೋಗೋಣ. ನಾವು ಕರೆದ ಸಭೆಗೆ ಅವರು ಬರಲೆಂದು ಕಾಯುವ ಬದಲು ಅವರು ಕರೆದಲ್ಲಿಗೆ ನಾವು ಹೋಗೋಣ. ಬಸವಕಲ್ಯಾಣದಲ್ಲಿ ಪ್ರತಿ ವರ್ಷ ಅನುಭವ ಮಂಟಪ ಉತ್ಸವ ನಡೆಯುತ್ತದೆ. ಹುಮನಾಬಾದಿನಲ್ಲಿ ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ. ರಂಜಾನಿನಲ್ಲಿ ನೆರೆಮನೆಯವರು ಇಫ್ತಾರಿಗೆ ಕರೆಯುತ್ತಾರೆ. ಭಾಷಣ ಕೇಳಲು, ಜಾತ್ರೆಗೆ ಬಂದವರಿಗೆ ನೀರು ಕೊಡಲು, ಜೊತೆಯಲ್ಲಿ ಉಣ್ಣಲು ಧರ್ಮಕೇಂದ್ರದಿಂದ ಎರಡು ಕುಟುಂಬಗಳಾದರೂ ಹೋಗಿಬರಲಿ.

ಎರಡನೆಯದಾಗಿ, ಒಂದು ಬಾವಿಯನ್ನು ಆರಿಸಿಕೊಳ್ಳೋಣ. ನಿಮ್ಮೂರಿನಲ್ಲಿ ಕಸ ತುಂಬಿದ ಬಾವಿ, ಹೂಳು ತುಂಬಿದ ಕೆರೆ ಇಲ್ಲದೆ ಇರಲಾರದು. ಪಂಚಾಯತಿಯ ಒಪ್ಪಿಗೆ ಪಡೆಯಿರಿ. ಮಸೀದಿಯ ಹಿರಿಯರನ್ನು, ಮಠದವರನ್ನು, ಮೆಥೋಡಿಸ್ಟ್ ಸಭೆಯವರನ್ನು, ಮಹಿಳಾ ಸಂಘದವರನ್ನು ಹೋಗಿ ಕೇಳಿರಿ. ನಮ್ಮ ಹೆಸರಿನ ಫಲಕ ಬೇಡ, ಊರಿನ ಹೆಸರಿರಲಿ.

ಮೂರನೆಯದಾಗಿ, ಸಸಿಗೊಂದು ಮನೆ ಗೊತ್ತುಮಾಡಿ. ಹತ್ತು ಸಸಿ ನೆಟ್ಟು ಒಣಗಿಸುವ ಬದಲು ಎರಡೇ ನೆಡಿರಿ. ಮೂರು ಬೇಸಿಗೆ ದಾಟುವ ತನಕ ನೀರು ಹಾಕುವ ಸರದಿಯನ್ನು ಬೇರೆ ಬೇರೆ ಧರ್ಮದ ಎರಡು ಮನೆಗಳಿಗೆ ಒಟ್ಟಿಗೆ ಕೊಡಿರಿ. ಕೊಡ ಹಿಡಿದು ಬರುವ ಮಕ್ಕಳು ತಾವಾಗಿಯೇ ಗೆಳೆಯರಾಗುತ್ತಾರೆ.

ನಾಲ್ಕನೆಯದಾಗಿ, ಕೆಟ್ಟ ದಿನಕ್ಕೆ ಮೊದಲೇ ಪರಿಚಯವಿರಲಿ. ಗಾಳಿಮಾತು ಹಬ್ಬಿದ ರಾತ್ರಿ ಫೋನು ಮಾಡಲು ನೆರೆಯ ಓಣಿಯಲ್ಲಿ ನಿಮ್ಮನ್ನು ಹೆಸರಿಡಿದು ಕರೆಯುವ ಒಬ್ಬರಾದರೂ ಇದ್ದಾರೆಯೆ? ಗುರುಗಳಿಗೆ ಮಾತ್ರವಲ್ಲ, ನಿಮಗೂ ಅಂಥವರೊಬ್ಬರು ಇರಬೇಕು. ಮೊಬೈಲಿಗೆ ಬಂದ ವಿಷದ ಮಾತನ್ನು ಮುಂದಕ್ಕೆ ಕಳಿಸದೆ ಅವರನ್ನೇ ಕೇಳಿ ತಿಳಿದುಕೊಳ್ಳಿರಿ. 1948ರಲ್ಲಿಯೂ ನೆರೆಯವರನ್ನು ಮನೆಯಲ್ಲಿ ಬಚ್ಚಿಟ್ಟು ಉಳಿಸಿದ ಜನ ಎರಡೂ ಕಡೆ ಇದ್ದರು. ಅಂತಹ ಧೈರ್ಯಕ್ಕೆ ಬೇರು ಹಳೆಯ ಪರಿಚಯ.

ಕುಟುಂಬದಲ್ಲಿ ಚರ್ಚಿಸಿರಿ

1. ನಮ್ಮ ಮನೆಯವರು ಬೇರೆ ಧರ್ಮದವರ ಮನೆಯಲ್ಲಿ ಕೊನೆಯ ಬಾರಿ ಉಂಡದ್ದು ಯಾವಾಗ? ಅವರು ನಮ್ಮಲ್ಲಿ ಉಂಡದ್ದು ಯಾವಾಗ?

2. ನೆರೆಯವರಿಂದ ಕಲಿಯಬೇಕಾದ, ಕೇಳಿ ಪಡೆಯಬೇಕಾದ ಯಾವ ಒಳ್ಳೆಯದು ನಮ್ಮ ಕಣ್ಣಿಗೆ ಬಿದ್ದಿದೆ?

3. ನಮ್ಮೂರಿನ ಯಾವ ಬಾವಿ, ಕೆರೆ, ಮರ ನಮ್ಮ ಕೈಗಾಗಿ ಕಾದಿದೆ? ಈ ತಿಂಗಳು ಯಾರನ್ನು ಹೋಗಿ ಕೇಳೋಣ?

ಪ್ರಾರ್ಥನೆ

ದಣಿದು ಬಾವಿಯ ಬಳಿ ಕುಳಿತ ಯೇಸುವೇ, ಕೊಡುವ ಹೆಮ್ಮೆಯನ್ನು ನಮ್ಮಿಂದ ತೆಗೆದು ಕೇಳುವ ದೀನತೆಯನ್ನು ಕೊಡಿ. ನಮ್ಮ ಪೂರ್ವಿಕರು ಮುಚ್ಚಿದ ಬಾವಿಗಳನ್ನು ನೆರೆಯವರೊಂದಿಗೆ ಕೂಡಿ ತೆರೆಯುವ ಬಲವನ್ನು ದಯಪಾಲಿಸಿ. ನಾವು ನೆಟ್ಟದ್ದಕ್ಕೆ ನಾಳೆಯೂ ನೀರೆರೆಯುವಂತೆ ನಮ್ಮನ್ನು ಎಬ್ಬಿಸಿ. ಆಮೆನ್.