ಪಟ್ಟಿಯ ಆಚೆ ಯಾರಿದ್ದಾರೆ, ನೋಡು ತಂಗೀ

ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತು ನೀನು ಕೇಳಿದ ಮಾತು ರಾತ್ರಿಯಿಡೀ ನನ್ನ ಕಿವಿಯಲ್ಲೇ ಇತ್ತು. "ಅಜ್ಜಾ, ಊರಾಗ ಮಂದಿ ಸಾಯಾಕತ್ತಾರ. ನಾ ಇಲ್ಲಿ ಕುಂತು ಪಟ್ಟಿ ತಿದ್ದಾಕತ್ತೀನಿ. ಇದ್ರಾಗ ಏನೈತಿ?"

ಈ 2021ರ ಮೇ 10ರಿಂದ ಕೊರೊನಾ ಲಾಕ್‌ಡೌನ್ ಮತ್ತೆ ಬಿಗಿಯಾಗಿದೆ. ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರ. ಆದರೆ ಅದು ದಾವಣಗೆರೆ ಜಿಲ್ಲೆ, ನಮ್ಮ ಕುಮಾರಪಟ್ಟಣ ಹಾವೇರಿ ಜಿಲ್ಲೆ. ಬೇಕೆಂದಾಗ ಹೋಗಿಬರುತ್ತಿದ್ದ ಊರೇ ದೂರವಾಗಿದೆ. ಬೆಂಗಳೂರಿನ ಕಚೇರಿಯಲ್ಲಿ ನಾಲ್ಕು ಜನರ ನಡುವೆ ಕಲಿಯಬೇಕಿದ್ದ ನೀನು ಪಡಸಾಲೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೀ. ಇಂಟರ್ನ್‌ಶಿಪ್ ಇಲ್ಲದೆ ವಿಟಿಯು ಪದವಿ ಕೈಗೆ ಬರುವುದಿಲ್ಲ, ನನಗೂ ಗೊತ್ತು. ಆದರೆ ನೀನು ಕೇಳಿದ್ದು ಪದವಿಯ ಮಾತಲ್ಲ.

ನಾನು ಇಲ್ಲಿನ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದಾಗ ನಿನ್ನದೇ ವಯಸ್ಸು. ನೀಲಗಿರಿ ಕಟ್ಟಿಗೆಯ ಚಕ್ಕೆಗಳನ್ನು ಡೈಜೆಸ್ಟರ್‌ನಲ್ಲಿ ಬೇಯಿಸಿ ಪಲ್ಪ್ ತೆಗೆಯುತ್ತಿದ್ದರು. ಆ ಪಲ್ಪ್‌ನ ಒಂದು ತುಣುಕು ತೂಗು, ಓವನ್‌ನಲ್ಲಿ ಒಣಗಿಸು, ಮತ್ತೆ ತೂಗು, ತೇವ ಎಷ್ಟೆಂದು ಪುಸ್ತಕದಲ್ಲಿ ಬರೆ: ಇಷ್ಟೇ ನನ್ನ ಕೆಲಸ. ಆರು ತಿಂಗಳಿಗೆ ಬೇಸತ್ತು ಬಿಟ್ಟುಹೋಗುವವನಿದ್ದೆ. ನಮ್ಮ ಹಿರಿಯರೊಬ್ಬರು ಏನೂ ಉಪದೇಶ ಮಾಡದೆ ಫೈಬರ್ ವಿಭಾಗಕ್ಕೆ ಕರೆದೊಯ್ದು, ಅದೇ ಪಲ್ಪ್‌ನಿಂದ ತೆಗೆದ ಹತ್ತಿಯಂಥ ಬಿಳಿ ನಾರನ್ನು ಅಂಗೈಗೆ ಇಟ್ಟರು. ಆ ಭಾನುವಾರ ಹರಿಹರದ ಅರಿವೆ ಅಂಗಡಿಯಲ್ಲಿ ಅಂಥ ನಾರಿನಿಂದ ನೇಯ್ದ ರೇಯಾನ್ ಬಟ್ಟೆ ಮುಟ್ಟಿಸಿದರು. "ತೇವದ ಲೆಕ್ಕ ತಪ್ಪಿದ್ರ ಮುಂದ ಕ್ಷಾರದ ಅಳತಿನೂ ತಪ್ಪತೈತಿ. ನೀ ಬರದ ಅಂಕಿ ಇದರಾಗ ಐತಿ ತಮ್ಮಾ," ಅಂದರು. ಕೆಲಸ ಬದಲಾಗಲಿಲ್ಲ. ಅದು ಯಾರ ಕೈಗೆ ಹೋಗುತ್ತದೆಂದು ಗೊತ್ತಾಯಿತು. ಅಷ್ಟು ಸಾಕಾಯಿತು.

ನೀನು ತಿದ್ದುತ್ತಿರುವುದು ಎಪಿಎಂಸಿ ದರಗಳ ಪಟ್ಟಿ ಅಲ್ಲವೇ? ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ಬೇರೆ, ಕಡ್ಡಿ ಬೇರೆ. ಡಬ್ಬಿ ಗಿಡ್ಡ, ದಪ್ಪ, ಕಡುಗೆಂಪು, ಖಾರ ಕಮ್ಮಿ. ಕಡ್ಡಿ ಸಣ್ಣಗೆ, ಉದ್ದಕ್ಕೆ. ಎರಡಕ್ಕೂ ಒಂದೇ ಬೆಲೆಯಲ್ಲ. ಡಬ್ಬಿಯ ದರ ಕಡ್ಡಿಯ ಸಾಲಿಗೆ ಬಿದ್ದರೆ, ಚೀಲ ಹೇರುವ ಮೊದಲು ಫೋನಿನಲ್ಲಿ ದರ ನೋಡುವ ರೈತ ಮೋಸಹೋಗುತ್ತಾನೆ. ಮಾರುವುದೋ, ಕೋಲ್ಡ್ ಸ್ಟೋರೇಜಿಗೆ ಇಡುವುದೋ ಎಂದು ಅವನು ತೀರ್ಮಾನಿಸುವುದು ನೀನು ತಿದ್ದಿದ ಸಾಲನ್ನು ನಂಬಿ.

ಇನ್ನು ಸಾವಿನ ಮಾತು. ಅದರ ಮುಂದೆ ನನ್ನ ಬಳಿ ದೊಡ್ಡ ಮಾತಿಲ್ಲ. ಒಂದನ್ನು ಮಾತ್ರ ಕಂಡಿದ್ದೇನೆ. ಈ ದಿನಗಳಲ್ಲಿ ಜೀವ ಉಳಿಸಿದವರಲ್ಲಿ ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆಯರ ಜೊತೆಗೆ, ಎಷ್ಟು ಹಾಸಿಗೆ ಖಾಲಿ, ಎಷ್ಟು ಆಕ್ಸಿಜನ್ ಸಿಲಿಂಡರ್ ಉಳಿದಿವೆ ಎಂದು ತಪ್ಪಿಲ್ಲದೆ ಬರೆದಿಟ್ಟವರೂ ಇದ್ದಾರೆ. ಪಟ್ಟಿ ಸಣ್ಣದಲ್ಲ ತಂಗೀ.

ನಾಳೆ ನಿನ್ನ ಗೈಡನ್ನು ನೇರವಾಗಿ ಕೇಳು: "ಸರ್, ಈ ಪಟ್ಟಿ ಕೊನೆಗೆ ಯಾರು ನೋಡ್ತಾರೆ?" ಕೇಳಿದರೆ ಯಾರೂ ಸಣ್ಣವರಾಗುವುದಿಲ್ಲ. ಲ್ಯಾಪ್‌ಟಾಪ್ ಮುಚ್ಚುವ ಮುಂಚೆ ಇವತ್ತು ಮಾಡಿದ್ದೇನು, ಎಲ್ಲಿ ಸಿಕ್ಕಿಕೊಂಡೆ ಎಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆ. ನೆಟ್‌ವರ್ಕ್ ಹೋದರೆ, ಕೆಲಸ ತಿಳಿಯದಿದ್ದರೆ ಅಂದೇ ಹೇಳು. ದೂರ ಕೂತವರಿಗೆ ನಿನ್ನ ಮುಖದ ಚಿಂತೆ ಕಾಣುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮಾತ್ರ ಎಲ್ಲ ಬಿಟ್ಟು ಏಳು. ಆ ದಿನ ಅದೇ ನಿನ್ನ ಕೆಲಸ.

ಈ ಕಷ್ಟ ಕಳೆಯಲಿ. ಸುಗ್ಗಿಗೆ ನಾನೇ ನಿನ್ನನ್ನು ಬ್ಯಾಡಗಿ ಪೇಟೆಗೆ ಕರೆದೊಯ್ಯುತ್ತೇನೆ. ಅಲ್ಲಿ ಒಂದು ಹಿಡಿ ಡಬ್ಬಿ ಕಾಯಿ ನಿನ್ನ ಅಂಗೈಗೆ ಇಡಬೇಕು. ನನ್ನ ಹಿರಿಯರ ಸಾಲ ಹಾಗೇ ಉಳಿದಿದೆ.