ಸಂತೇಬೆನ್ನೂರು ಸೀಮೆಯ ವಸಂತಕಾಲದ ವಿರಳ ಪಕ್ಷಿಗಳು

ಷಡೃತುಗಳಲ್ಲಿ ವಸಂತಕ್ಕೆ ಕಾವ್ಯಗಳಲ್ಲಿ ದೊರೆತಿರುವ ಮನ್ನಣೆ ಬೇರಾವ ಋತುವಿಗೂ ದೊರೆತಿಲ್ಲ. ಮಾವು ಚಿಗುರಿ ಕೋಗಿಲೆ ಉಲಿಯಿತೆಂದರೆ ವಸಂತವರ್ಣನೆ ಪೂರ್ಣವಾಯಿತೆಂದೇ ವಾಡಿಕೆ. ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪಮಹಾಕವಿಯು ಬನವಾಸಿಯ ನಂದನವನದಲ್ಲಿ ಕೋಗಿಲೆಯಾಗಿಯಾದರೂ ಹುಟ್ಟುವ ಹಂಬಲವನ್ನು ತೋಡಿಕೊಂಡಿದ್ದಾನೆ. ಹೊನ್ನಾಳಿಗೆ ನೆರೆಯದಾದ ಶಿಕಾರಿಪುರ ಸೀಮೆಯ ಉಡುತಡಿಯಲ್ಲಿ ಜನಿಸಿದ ಅಕ್ಕಮಹಾದೇವಿಯು ಗಿಳಿ, ಕೋಗಿಲೆ, ಹಂಸೆ, ನವಿಲುಗಳನ್ನು ಒಂದೊಂದಾಗಿ ಕರೆದು ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಕೇಳಿದ್ದಾಳೆ. ಸಂತೇಬೆನ್ನೂರಿನ ಪುಷ್ಕರಿಣಿಯ ನಡುವೆ ನಿಂತಿರುವ ಮಂಟಪಕ್ಕೂ ವಸಂತ ಮಂಟಪವೆಂದೇ ಹೆಸರು. ಆದರೆ ಕೋಗಿಲೆಯೊಂದನ್ನೇ ವಸಂತದ ಪಕ್ಷಿಯೆಂದು ಬಗೆದರೆ, ಈ ಸೀಮೆಯ ಅತ್ಯಮೂಲ್ಯವಾದ ಸಂಪತ್ತೊಂದು ಕಣ್ಣಿಗೆ ಬೀಳದೆಯೇ ಹೋಗುತ್ತದೆ.

ಚೈತ್ರ, ವೈಶಾಖಗಳೆಂದರೆ ಇಲ್ಲಿ ಬಿಸಿಲು ಏರುವ ಕಾಲ; ಕೆರೆಗಳು ಬತ್ತುವ, ಹೊಲಗಳು ಬರಿದಾಗುವ ಕಾಲ. ಈ ಅವಧಿಯಲ್ಲಿ ಕಾಣತಕ್ಕ ವಿರಳ ಪಕ್ಷಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು: ಚಳಿಗಾಲವನ್ನು ಇಲ್ಲಿ ಕಳೆದು ಬೀಳ್ಕೊಳ್ಳುವ ಅತಿಥಿಗಳು, ದಾರಿಹೋಕರಂತೆ ಕೆಲವು ದಿನ ತಂಗಿ ಮುಂದೆ ಸಾಗುವವು, ಹಾಗೂ ಬಿರುಬಿಸಿಲಿನಲ್ಲಿಯೇ ಸಂಸಾರ ಹೂಡುವ ಈ ನೆಲದ ನಿವಾಸಿಗಳು.

ಬೀಳ್ಕೊಳ್ಳುವ ಅತಿಥಿಗಳು

ಸಂತೇಬೆನ್ನೂರಿಗೆ ಅನತಿದೂರದಲ್ಲಿರುವ ಸೂಳೆಕೆರೆಯು, ಅರ್ಥಾತ್ ಶಾಂತಿಸಾಗರವು, ಹರಿದ್ರಾ ಹಳ್ಳಕ್ಕೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಪುರಾತನ ಜಲಾಶಯ. ಬೇಸಗೆಯಲ್ಲಿ ಇಂತಹ ಕೆರೆಗಳ ನೀರು ಹಿಂದೆ ಸರಿದಂತೆ ಅಂಚಿನಲ್ಲಿ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಹುಳುಹುಪ್ಪಟೆಗಳು ಸಮೃದ್ಧವಾಗಿರುವ ಆ ಕೆಸರೇ ದೂರಪ್ರಯಾಣಕ್ಕೆ ಸಿದ್ಧವಾಗುವ ನೀರಹಕ್ಕಿಗಳಿಗೆ ಬುತ್ತಿ. ಯೂರೋಪು, ಏಷ್ಯಾಗಳ ಉತ್ತರಭಾಗದಲ್ಲಿ ಮರಿಮಾಡುವ ಗದ್ದೆಗೊರವಗಳು ಇಂತಹ ಅಂಚುಗಳಲ್ಲಿ ಮೇದು ಮೈತುಂಬಿಕೊಂಡು ಹೊರಡುತ್ತವೆ.

ಕವಿಗಳಿಗೆ ಅತ್ಯಂತ ಪ್ರಿಯವಾದ ಚಕ್ರವಾಕವೂ ಇದೇ ವರ್ಗದ್ದು. ಕನ್ನಡದಲ್ಲಿ ಇದು ಜಕ್ಕವಕ್ಕಿ. ಕಿತ್ತಳೆ ಕಾವಿಯ ಮೈ, ತಿಳಿಬಣ್ಣದ ತಲೆಯುಳ್ಳ ಈ ದೊಡ್ಡ ಬಾತು ಟಿಬೆಟ್, ಲಡಾಖ್, ಮಧ್ಯ ಏಷ್ಯಾಗಳಲ್ಲಿ ಮರಿಮಾಡುತ್ತದೆ. ದಕ್ಷಿಣಕ್ಕೆ ಬರುವವು ಕೆಲವೇ. ರಾತ್ರಿಯಾದೊಡನೆ ಜೋಡಿ ಅಗಲುವುದೆಂಬ ಕವಿಸಮಯಕ್ಕೂ ವಾಸ್ತವದ ಎಳೆಯೊಂದುಂಟು: ಈ ಹಕ್ಕಿಗಳು ರಾತ್ರಿಯಲ್ಲಿಯೂ ಮೇಯುತ್ತ ದೂರದೂರದಿಂದ ಒಂದನ್ನೊಂದು ಕೂಗಿ ಕರೆಯುತ್ತವೆ. ಇದನ್ನು ಕಾಣಬೇಕಾದರೆ ಫಾಲ್ಗುಣ ಮುಗಿಯುವುದರೊಳಗೆ ವಿಶಾಲವಾದ ಕೆರೆಯಂಚನ್ನು ಮುಂಜಾನೆಯೇ ಸೇರತಕ್ಕದ್ದು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಗುಂಪುಗುಂಪಾಗಿ ನೋಡಬಯಸುವವರು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. 2024ರಲ್ಲಿ ಆ ಕೆರೆಗೂ, ಹಗರಿಬೊಮ್ಮನಹಳ್ಳಿ ಸೀಮೆಯ ಅಂಕಸಮುದ್ರಕ್ಕೂ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ತಾಣಗಳೆಂಬ ಮನ್ನಣೆ ದೊರೆಯಿತು.

ಜಗಳೂರಿನ ಕಡೆಯ ಬಯಲುಗಳಲ್ಲಿ ನೆಲಕ್ಕೆ ತಾಗುವಂತೆ ತೇಲುತ್ತ ಮಿಡತೆಗಳನ್ನು ಹಿಡಿಯುವ ಬೇಟೆಹಕ್ಕಿ ಸೆಳೆವ. ಇದು ಕಜಕಸ್ತಾನದ ಹುಲ್ಲುಗಾವಲುಗಳಿಂದ ಬಂದು, ವಸಂತದಲ್ಲಿ ಅಲ್ಲಿಗೇ ಮರಳುತ್ತದೆ. ಹಗಲೆಲ್ಲ ಬೇರೆಬೇರೆಯಾಗಿ ಬೇಟೆಯಾಡಿ ಸಂಜೆ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುವುದು ಇದರ ವೈಶಿಷ್ಟ್ಯ. ಹುಲ್ಲಿನ ಬಯಲಿಗೆ ಬೆಂಕಿ ಬಿದ್ದರೆ ಇದರ ಹಾಸಿಗೆಯೇ ಸುಟ್ಟಂತೆ.

ದಾರಿಹೋಕರು

ಗುಲಾಬಿ ಮೈಯ, ಕರಿಯ ತಲೆಯ ಗುಲಾಬಿ ಕಬ್ಬಕ್ಕಿಗಳು ತೆನೆಗಟ್ಟಿದ ಜೋಳಕ್ಕೆ ಮುತ್ತಿ ರೈತನ ಶಾಪಕ್ಕೆ ಗುರಿಯಾಗುವುದುಂಟು. ಆದರೆ ಮಿಡತೆಗಳನ್ನು ಅಸಂಖ್ಯವಾಗಿ ತಿನ್ನುವುದರಿಂದ ಅವು ಉಪಕಾರಿಗಳೂ ಹೌದು. ಮುತ್ತುಗ, ಬೂರುಗಗಳು ಹೂಬಿಟ್ಟಾಗ ಮಕರಂದಕ್ಕೂ, ಆಲದ ಹಣ್ಣು ಕೆಂಪಾದಾಗ ಹಣ್ಣಿಗೂ ಅವು ನೆರೆಯುತ್ತವೆ. ಹೂಬಿಟ್ಟ ಬೂರುಗದ ಬುಡದಲ್ಲಿ ಒಂದು ಗಳಿಗೆ ನಿಂತರೆ ಸಾಕು, ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಇದಕ್ಕಿಂತಲೂ ದುರ್ಲಭವಾದುದು ನವರಂಗ. ಹಸಿರು, ನೀಲಿ, ಹಳದಿಗಂದು, ಕಪ್ಪು, ಬಿಳುಪು, ಬಾಲದಡಿಯ ಕೆಂಪು ಮೊದಲಾದ ಬಣ್ಣಗಳುಳ್ಳ ಈ ಗಿಡ್ಡಬಾಲದ ಹಕ್ಕಿಯು ಉತ್ತರ ಹಾಗೂ ಮಧ್ಯ ಭಾರತದ ಕಾಡುಗಳಲ್ಲಿ ಮಳೆಗಾಲದಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮರುಪಯಣ ಬೆಳೆಸುತ್ತದೆ. ಇಷ್ಟು ಬಣ್ಣಗಳಿದ್ದೂ ಅದು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ, ನೆರಳಿನ ತರಗೆಲೆಗಳ ನಡುವೆ ಕುಪ್ಪಳಿಸುತ್ತ ಹುಳುಗಳನ್ನು ಹೆಕ್ಕುವ ಅದರ ಸ್ವಭಾವ. ಬೆಳಕು ಹರಿಯುವಾಗಲೂ ಮುಸ್ಸಂಜೆಯಲ್ಲಿಯೂ ಅದು ಎರಡು ಸ್ವರದ ಸ್ಪಷ್ಟವಾದ ಸಿಳ್ಳು ಹಾಕುತ್ತದೆ. ಹಳೆಯ ಮಾವಿನ ತೋಪು, ಹಳ್ಳದ ಬದಿಯ ಬಿದಿರುಮೆಳೆ, ತರಗೆಲೆ ಗುಡಿಸದ ತಂಪುತೋಟ, ಇವೇ ಅದನ್ನು ಅರಸತಕ್ಕ ತಾಣಗಳು. ಬಿಳಿಯ ರಿಬ್ಬನ್ನಿನಂತಹ ಉದ್ದಬಾಲದ ಬಾಲದಂಡೆ ಹಕ್ಕಿಯೂ ಅಂತಹ ನೆರಳಿನಲ್ಲಿಯೇ ಕಾಣಸಿಗುತ್ತದೆ.

ಬಿಸಿಲಿನಲ್ಲಿ ಸಂಸಾರ ಹೂಡುವವು

ಹಳದಿ ಟಿಟ್ಟಿಭವು ಒಣಬಯಲಿನ ಹಕ್ಕಿ. ಬೇಸಗೆಯೇ ಇದರ ಸಂತಾನಕಾಲ. ಗೂಡೆಂಬುದಿಲ್ಲ, ಬರಿನೆಲದ ತಗ್ಗಿನಲ್ಲಿ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆಗಳು. ನೆಲ ಕಾದಾಗ ತಾಯಿತಂದೆಗಳು ಎದೆಯ ಗರಿಗಳನ್ನು ನೀರಿನಲ್ಲಿ ನೆನೆಸಿ ತಂದು ಮೊಟ್ಟೆಗಳನ್ನು ತಂಪುಮಾಡುತ್ತವೆ. ಪಂಚತಂತ್ರದ ಟಿಟ್ಟಿಭ ದಂಪತಿಗಳ ಮೊಟ್ಟೆಗಳನ್ನು ಸಮುದ್ರವು ಅಪಹರಿಸಿತೆಂಬ ಕಥೆಯನ್ನು ಬಲ್ಲವರಿಗೆ, ಇಂದು ಬೀಳುನೆಲವನ್ನು ಒಂದೇ ಹಗಲಿನಲ್ಲಿ ಮಗುಚಿಹಾಕುವ ಟ್ರ್ಯಾಕ್ಟರು ಆ ಸಮುದ್ರದ ಸ್ಥಾನದಲ್ಲಿರುವುದು ತಿಳಿಯುತ್ತದೆ.

ಭದ್ರಾ ಜಲಾಶಯದ ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ನೆರೆದು ಮೊಟ್ಟೆಯಿಡುತ್ತವೆ. ಲಕ್ಕವಳ್ಳಿಯ ಕಡೆಯಿಂದ, ಅವಕ್ಕೆ ಅಡ್ಡಿಯಾಗದಷ್ಟು ದೂರದಿಂದ ಈ ದೃಶ್ಯವನ್ನು ನೋಡಬಹುದು. ವೈಶಾಖದ ಕೊನೆಗೆ ಚಾತಕದ ಕೂಗು ಕೇಳತೊಡಗುತ್ತದೆ. ಆಫ್ರಿಕದಿಂದ ಮುಂಗಾರಿನೊಡನೆ ಬರುವ ಚಾತಕಗಳಲ್ಲದೆ, ದಕ್ಷಿಣ ಭಾರತದಲ್ಲಿಯೇ ನೆಲೆಸಿರುವ ಚಾತಕಗಳೂ ಉಂಟೆಂಬುದನ್ನು ಅಧ್ಯಾಪಕರು ಪಾಠ ಹೇಳುವಾಗ ನೆನಪಿನಲ್ಲಿಡಬೇಕು.

ಹೆಸರು ಮಾತ್ರ ಉಳಿದ ಹಕ್ಕಿ

ಇನ್ನೊಂದು ಪಕ್ಷಿಯನ್ನು ಹೇಳದಿದ್ದರೆ ಈ ಪಾಠ ಅಪೂರ್ಣವಾಗುತ್ತದೆ. ಎರೆಹೊಲಗಳಲ್ಲಿ ನಡೆದಾಡುತ್ತಿದ್ದ ಮಹಾಪಕ್ಷಿಯನ್ನು ಕನ್ನಡಿಗರು ‘ಎರೆಭೂತ’ವೆಂದು ಕರೆದರು. ಹಾರುವ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲಿ ಇದೂ ಒಂದು. ಸಾಮಾನ್ಯವಾಗಿ ಒಮ್ಮೆಗೆ ಇಡುವುದು ಒಂದೇ ಮೊಟ್ಟೆ. ಹೊನ್ನಾಳಿ, ಹರಿಹರಗಳಿಗೆ ನೆರೆಯದಾದ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು. ಎರೆಭೂತದ ನೆಲೆಯೆಂದೂ ಅದು ಹೆಸರಾಗಿತ್ತು. ಆದರೆ ಅಲ್ಲಿನ ಹುಲ್ಲುಗಾವಲು ಬಹುಮಟ್ಟಿಗೆ ನೀಲಗಿರಿಯ ನೆಡುತೋಪಾಗಿ, ಹಕ್ಕಿ ಮರೆಯಾಯಿತು. ಇಂದು ಇಡೀ ದೇಶದಲ್ಲಿ ಉಳಿದಿರುವವು 200ಕ್ಕಿಂತ ಕಡಿಮೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು. ಮರ ನೆಡುವುದೆಲ್ಲವೂ ಪುಣ್ಯಕಾರ್ಯವೆಂಬ ಭಾವನೆ ಸಾಮಾನ್ಯವಾದುದು. ಹುಲ್ಲಿನ ಹಕ್ಕಿಗೆ ಹುಲ್ಲೇ ಮನೆ. ಅಲ್ಲಿ ನೆಟ್ಟ ಮರವು ಅದನ್ನು ಹೊರದೂಡುತ್ತದೆಂಬ ವಿವೇಕವೂ ಅಷ್ಟೇ ಸಾಮಾನ್ಯವಾಗಬೇಕಾಗಿದೆ. ಚನ್ನಗಿರಿಯಲ್ಲಿ ಅಡಕೆಯ ತೋಟಗಳೂ ಸುತ್ತಣ ಹೊಲಗಳಲ್ಲಿ ಮೆಕ್ಕೆಜೋಳವೂ ಹರಡಿರುವಾಗ, ಉಳಿದ ಗೋಮಾಳ, ಗುಡ್ಡದ ಬುಡದ ಹುಲ್ಲುಬಯಲುಗಳ ಬೆಲೆ ಇನ್ನೂ ಹೆಚ್ಚು.

ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ

ಡಾ. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಕೈಗೊಂಡರು. ಸಂತೇಬೆನ್ನೂರು ಆಗ ಆ ಸಂಸ್ಥಾನಕ್ಕೆ ಸೇರಿದ ಊರು. ಅಂದು ಯಾವುದು ಎಲ್ಲಿತ್ತೆಂದು ಇಂದು ಹೇಳಲು ಸಾಧ್ಯವಾಗುವುದು ಅಂತಹ ಬರಹದಿಂದಲೇ. ಬರೆದಿಡದ ಹಕ್ಕಿ ಅಳಿದರೆ, ಅಳಿಯಿತೆಂದು ಹೇಳಲೂ ಸಾಕ್ಷಿಯಿರುವುದಿಲ್ಲ.

ಆದಕಾರಣ ಪ್ರತಿಯೊಂದು ಶಾಲೆಯಲ್ಲಿಯೂ ಒಂದು ಪಕ್ಷಿದಿನಚರಿ ಇರುವುದು ಉಚಿತ. ತಿಥಿ, ತಾರೀಖು, ವೇಳೆ, ಸ್ಥಳ, ಸಂಖ್ಯೆ, ಕುಳಿತ ಮರ ಯಾವುದು, ತಿಂದದ್ದೇನು ಎಂಬಿಷ್ಟನ್ನು ನಮೂದಿಸಿದರೆ ಸಾಕು. ಊರಿನ ಹಿರಿಯರು ಹೇಳುವ ಹಕ್ಕಿಯ ಹೆಸರನ್ನು ಅವರ ಉಚ್ಚಾರಣೆಯಲ್ಲಿಯೇ ಬರೆದುಕೊಳ್ಳಬೇಕು. ಸಂದೇಹವಿದ್ದಲ್ಲಿ ಸಂದೇಹವೆಂದೇ ಬರೆಯತಕ್ಕದ್ದು. ಗೂಡಿನ ಬಳಿಗೆ ಹೋಗಕೂಡದು. ಧ್ವನಿಮುದ್ರಿಕೆಯಿಂದ ಕೂಗಿಸಿ ಹಕ್ಕಿಯನ್ನು ಸೆಳೆಯಕೂಡದು. ವಿರಳವಾದ ಹಕ್ಕಿ ಗೂಡುಕಟ್ಟಿದ ಜಾಗವನ್ನು ಸಾರಿ ಹೇಳಕೂಡದು.

ಕೋಗಿಲೆಯು ಯಾರೂ ಅರಸದಿದ್ದರೂ ತಾನಾಗಿ ಕೂಗಿ ತನ್ನ ಇರವನ್ನು ತಿಳಿಸುತ್ತದೆ. ನವರಂಗ, ಟಿಟ್ಟಿಭ, ಸೆಳೆವಗಳ ಇರವನ್ನು ತಿಳಿಯುವುದಕ್ಕೆ ನೋಡುವ ಕಣ್ಣು ಬೇಕು, ಅವು ಉಳಿಯುವುದಕ್ಕೆ ನೆಲ ಬೇಕು. ಮೊದಲನೆಯದನ್ನು ಕೊಡುವ ಹೊಣೆ ಶಾಲೆಗಳದು. ಎರಡನೆಯದನ್ನು ಕೊಡುವ ಹೊಣೆ ಊರಿನದು.